ಬಾಗಿಲು ಹಾಕಿಕೊಳ್ಳಿ ಎಂದವನು ನಾನೇ

2022ರ ನವೆಂಬರ್ ತಿಂಗಳ ಒಂದು ಭಾನುವಾರ ಸಂಜೆ. ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಆರಾಧನೆ ಮುಗಿದು, ಬಾಡಿಗೆ ಹಾಲ್‌ನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೆವು. ಐದೂವರೆಗೆ ಹಾಲ್ ಅನ್ನು ಯೋಗ ತರಗತಿಯವರಿಗೆ ಬಿಟ್ಟುಕೊಡಬೇಕು, ಹಾಗಾಗಿ ಆ ಹೊತ್ತಿನಲ್ಲಿ ಯಾರಿಗೂ ಮಾತಿಗೆ ಪುರುಸೊತ್ತಿರುವುದಿಲ್ಲ. ಹುಡುಗಿಯರ ಹಾಸ್ಟೆಲ್ ಒಂದರ ವಾರ್ಡನ್ ಆಗಿದ್ದ ನಮ್ಮ ಸಭೆಯ ಅಕ್ಕ ಅದೇ ಹೊತ್ತನ್ನು ಆರಿಸಿಕೊಂಡು ಪಕ್ಕಕ್ಕೆ ಬಂದು ನಿಂತರು. “ಕಾಕಾ, ಬೆಳಿಗ್ಗೆ ಪ್ರಾರ್ಥನೆ ಮಾಡುವಾಗ ನನ್ನ ಕೋಣೆಯ ಬಾಗಿಲು ಹಾಕಿಕೊಳ್ಳಬೇಕೋ, ತೆರೆದಿಡಬೇಕೋ?”

ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಡದೆಯೇ ಉತ್ತರ ಕೊಟ್ಟೆ. “ಹಾಕಿಕೊಳ್ಳಿ. ಮತ್ತಾಯನ ಸುವಾರ್ತೆ ಆರನೆಯ ಅಧ್ಯಾಯ ಅದನ್ನೇ ಹೇಳುತ್ತದಲ್ಲವೇ?”

ಆ ಪ್ರಶ್ನೆ, ಆ ಉತ್ತರ ಮತ್ತು ಆಮೇಲಿನ ಆರು ತಿಂಗಳಲ್ಲಿ ನಡೆದದ್ದರ ವಿವರ ಇದು. ನಮ್ಮ ಸಭಾ ಹಿರಿಯರ ಕೂಟದಲ್ಲಿ ಇದನ್ನು ಮೂರು ಸಲ ಚರ್ಚೆಗೆ ಇಟ್ಟಿದ್ದೇವೆ, ಮೂರು ಸಲವೂ ಜಗಳವಾಗಿದೆ. ಬಾಯಿಮಾತಿನಲ್ಲಿ ಕಥೆ ಪ್ರತಿ ಸಲ ಸ್ವಲ್ಪ ಬೆಳೆಯುತ್ತಿದೆ, ಬರೆದಿಡಿ ಎಂದು ಸಭಾಪಾಲಕರು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಅಕ್ಕ ಒಪ್ಪಿದ್ದಾರೆ, ಅವರ ಪ್ರಾರ್ಥನೆಗೆ ಬಂದು ಕೂರುತ್ತಿದ್ದ ಹಾಸ್ಟೆಲ್‌ನ ಹುಡುಗಿಯೂ ಒಪ್ಪಿದ್ದಾಳೆ. ಅವಳ ತಂದೆ ಫೋನಿನಲ್ಲಿ, “ಬರೆಯಿರಿ. ಆದರೆ ಕೊನೆಯಲ್ಲಿ ನನ್ನ ಮನಸ್ಸು ಕರಗಿತು ಎಂದು ಮಾತ್ರ ಬರೆಯಬೇಡಿ” ಎಂದರು. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ನನ್ನ ಪಾಲನ್ನು ಬದಲಿಸಿಲ್ಲ.

ಕೀಲಿಕೈ ಯಾರ ಸೊಂಟದಲ್ಲಿ

ಅಕ್ಕನ ಊರು ಗದಗ-ಬೆಟಗೇರಿ. ಬಾಸೆಲ್ ಮಿಷನ್ ಕಾಲದಿಂದ ಬಂದ ನೇಕಾರರ ಮನೆತನ. ಗಂಡ ತೀರಿಕೊಂಡ ಮೇಲೆ ಮಗನನ್ನು ತವರಿನಲ್ಲಿ ಬಿಟ್ಟು ಪುಣೆಗೆ ಬಂದರು, ಒಂದೆರಡು ವರ್ಷ ರೋಗಿಗಳ ಆರೈಕೆ ಮಾಡಿದರು, ಆಮೇಲೆ ನಗರದ ಪಶ್ಚಿಮ ಭಾಗದ ಒಂದು ಹುಡುಗಿಯರ ಹಾಸ್ಟೆಲ್‌ನಲ್ಲಿ ರೆಕ್ಟರ್ ಆದರು. ನಮ್ಮ ಕಡೆ ವಾರ್ಡನ್ ಎನ್ನುವುದನ್ನು ಮಹಾರಾಷ್ಟ್ರದಲ್ಲಿ ರೆಕ್ಟರ್ ಎನ್ನುತ್ತಾರೆ. ಮೂರು ಮಹಡಿ, ಇಪ್ಪತ್ತಾರು ಹುಡುಗಿಯರು. ಅವರಲ್ಲಿ ಹನ್ನೊಂದು ಮಂದಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಕಡೆಯವರು. ಕನ್ನಡ ಮಾತನಾಡುವ ರೆಕ್ಟರ್ ಇದ್ದಾರೆ ಎಂಬ ಒಂದೇ ಧೈರ್ಯದ ಮೇಲೆ ಅಪ್ಪ ಅಮ್ಮಂದಿರು ಅಲ್ಲಿ ಬಿಟ್ಟುಹೋದವರು.

ಕೆಳಗಿನ ಮನೆಯಲ್ಲಿ ಮಾಲೀಕರು. ಮರಾಠಿಗರು, ವಾರಕರಿಗಳು. ಆಷಾಢದಲ್ಲಿ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆದುಕೊಂಡೇ ಹೋಗುವವರು. “ನಮ್ಮ ವಿಠ್ಠಲನೂ ಕಾನಡಾದವನೇ” ಎಂದು ಅಕ್ಕನನ್ನು ರೇಗಿಸುತ್ತಿದ್ದರು. ಸಂಜೆ ಏಳಕ್ಕೆ ಅವರ ಹರಿಪಾಠ ತಾಳದ ಸದ್ದಿನೊಡನೆ ಮೂರನೆಯ ಮಹಡಿಯವರೆಗೂ ಕೇಳುತ್ತಿತ್ತು. ಅವರ ಬಾಗಿಲೂ ತೆರೆದೇ ಇರುತ್ತಿತ್ತು. ಈ ವಿವರವನ್ನು ನಮ್ಮ ಕೂಟದಲ್ಲಿ ಕೆಲವರು ದೊಡ್ಡ ವಾದವಾಗಿ ಎತ್ತುತ್ತಾರೆ. ನನಗೆ ಅದು ಅಷ್ಟು ದೊಡ್ಡದೆನಿಸುವುದಿಲ್ಲ, ಮನೆ ಅವರದು. ಆದರೆ ಆ ಕಟ್ಟಡದಲ್ಲಿ ದೇವರ ಹೆಸರು ಗಟ್ಟಿಯಾಗಿ ಕೇಳಿಸುವುದು ಯಾರಿಗೂ ಹೊಸತಾಗಿರಲಿಲ್ಲ ಎಂಬುದಷ್ಟು ನಿಜ.

ಅಕ್ಕನ ಕೋಣೆ ಮೊದಲ ಮಹಡಿಯ ಮೆಟ್ಟಿಲಿನ ತಿರುವಿನಲ್ಲಿ. ಬೆಳಿಗ್ಗೆ ಐದೂವರೆಗೆ, ಮೆಸ್‌ನ ಅಡುಗೆಯವಳು ಬರುವ ಮೊದಲು, ತಗ್ಗಿದ ದನಿಯಲ್ಲಿ ಒಂದು ಕೀರ್ತನೆ, ಒಂದು ಅಧ್ಯಾಯ, ಒಂದು ಪ್ರಾರ್ಥನೆ. ಬಾಗಿಲು ತೆರೆದೇ. ಆರು ವರ್ಷ ಹೀಗೆಯೇ ನಡೆದಿತ್ತು, ಯಾರೂ ಏನೂ ಅಂದಿರಲಿಲ್ಲ.

ಈ ಪ್ರಕರಣದಲ್ಲಿ ಎಲ್ಲರೂ ಬಾಗಿಲಿನ ಬಗ್ಗೆ ಮಾತನಾಡುತ್ತಾರೆ, ಕೀಲಿಕೈಯ ಬಗ್ಗೆ ಮಾತನಾಡುವವರು ಕಡಿಮೆ. ರೆಕ್ಟರ್ ಎಂದರೆ ಗೇಟಿನ ಕೀಲಿಕೈ, ಹಾಜರಿ ಪುಸ್ತಕ, ರಾತ್ರಿ ತಡವಾದರೆ ಒಳಗೆ ಬಿಡುವ ಅಧಿಕಾರ, ಊರಿಗೆ ಹೋಗುವ ರಜೆ ಚೀಟಿಗೆ ಸಹಿ. ಹಾಸ್ಟೆಲ್‌ನಲ್ಲಿ ಇದ್ದವರಿಗೆ ಗೊತ್ತು, ರೆಕ್ಟರ್ ಮುಖ ಸಿಂಡರಿಸಿದರೆ ಆ ವಾರವೇ ಹಾಳು. ಅಂಥವರ ಪ್ರಾರ್ಥನೆಗೆ ಒಬ್ಬಳು ಹುಡುಗಿ ಬಂದು ಕೂತರೆ ಅವಳು ಯಾವುದಕ್ಕೆ ಬಂದಳು ಎಂದು ಕೇಳುವ ಹಕ್ಕು ಹೊರಗಿನವರಿಗೆ ಇದ್ದೇ ಇದೆ.

ಮೆಟ್ಟಿಲ ಮೇಲೆ ಕೂತವಳು

ಹುಡುಗಿಗೆ ಇಪ್ಪತ್ತಮೂರು. ವಿಜಯಪುರ ಜಿಲ್ಲೆಯವಳು, ಲಿಂಗಾಯತರ ಮನೆ. ತಂದೆ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರರು, ನಾಲ್ಕು ಎಕರೆ ದ್ರಾಕ್ಷಿ. ಅವಳು ಪುಣೆಯ ಒಂದು ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ತಂತ್ರಜ್ಞೆ, ಹೆಚ್ಚಾಗಿ ರಾತ್ರಿ ಪಾಳಿ. ಪಾಳಿ ಮುಗಿಸಿ ಬರುವ ಹೊತ್ತು ಐದೂವರೆ. ಆಗಸ್ಟ್‌ನಲ್ಲಿ ಒಂದು ದಿನ ಬೂಟಿನ ಲೇಸು ಬಿಚ್ಚಲು ಮೆಟ್ಟಿಲ ಮೇಲೆ ಕೂತವಳು ಹಾಡು ಮುಗಿಯುವವರೆಗೂ ಎದ್ದಿರಲಿಲ್ಲ. ಮರುದಿನವೂ ಕೂತಳು. ಎರಡು ವಾರ ಹೀಗೆ ನಡೆಯಿತು, ಅಕ್ಕ ಕರೆಯಲಿಲ್ಲ. ಮೂರನೆಯ ವಾರ ಅವಳೇ ಬಾಗಿಲಿಗೆ ಬಂದು, “ರೆಕ್ಟರ್ ಅಕ್ಕ, ಒಳಗೆ ಬರಬಹುದೇ?” ಎಂದು ಕೇಳಿದಳು.

ಅಕ್ಟೋಬರ್ ಹೊತ್ತಿಗೆ ಪ್ರಶ್ನೆಗಳು ಶುರುವಾದವು. ಅವಳು ದಡ್ಡಿಯಲ್ಲ, ಅಜ್ಜಿಯ ಬಾಯಿಂದ ವಚನ ಕೇಳುತ್ತ ಬೆಳೆದವಳು. ದೇವರಿಗೆ ದೇಹವೇ ಗುಡಿ ಎಂದು ನಮ್ಮಲ್ಲಿಯೂ ಹೇಳುತ್ತಾರೆ, ನಿಮ್ಮ ಪೌಲನು ಅದನ್ನೇ ಹೇಳುತ್ತಾನಲ್ಲ ಎಂದು ಕೊರಿಂಥದವರಿಗೆ ಬರೆದ ಪತ್ರ ಓದಿದ ದಿನ ಕೇಳಿದಳಂತೆ. ನನ್ನನ್ನು ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. “ಹೌದು, ಹತ್ತಿರದ ಮಾತು. ಆದರೆ ನಾನು ಹಿಡಿದುಕೊಂಡಿರುವುದು ಮಾತನ್ನಲ್ಲ, ಒಬ್ಬ ವ್ಯಕ್ತಿಯನ್ನು” ಎಂದರಂತೆ ಅಕ್ಕ. ಒಂದು ದಿನ ಹುಡುಗಿ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, “ಇದನ್ನು ತೆಗೆಯಬೇಕೇ?” ಎಂದಳು. ಅಕ್ಕ, “ಅದನ್ನು ನಾನು ಹೇಳುವುದಿಲ್ಲ. ನಿನ್ನ ಅಪ್ಪನಿಗೆ ತಿಳಿಯದೆ ಏನನ್ನೂ ಮಾಡಬೇಡ” ಎಂದರು. ಹೊಸ ಒಡಂಬಡಿಕೆಯ ಒಂದು ಪ್ರತಿ ಕೊಟ್ಟದ್ದೂ ಆ ತಿಂಗಳಲ್ಲೇ. “ಅಪ್ಪನಿಗೆ ಹೇಳಿದೆಯಾ?” ಎಂದು ಎರಡು ಸಲ ಕೇಳಿದ್ದರು. ಎರಡು ಸಲವೂ ಹುಡುಗಿ, “ದೀಪಾವಳಿಗೆ ಹೋದಾಗ ಹೇಳುತ್ತೇನೆ” ಎಂದಿದ್ದಳು. ದೀಪಾವಳಿ ಬಂತು, ಹೋಯಿತು. ಅವಳು ಹೇಳಲಿಲ್ಲ. ಹೇಳಿಲ್ಲವೆಂದು ಅಕ್ಕನಿಗೂ ಗೊತ್ತಿತ್ತು.

ಅಕ್ಕನ ಮೇಲೆ ತಪ್ಪು ಹೊರಿಸುವುದಿದ್ದರೆ ಇಲ್ಲೇ ಹೊರಿಸಬೇಕು. ಹುಡುಗಿ ವಯಸ್ಸಿಗೆ ಬಂದವಳು, ದುಡಿಯುವವಳು, ಏನು ಓದಬೇಕೆಂದು ಅಪ್ಪನ ಅಪ್ಪಣೆ ಕೇಳಬೇಕಿಲ್ಲ. ಆ ಮಾತು ಸರಿ. ಆದರೆ ಕೀಲಿಕೈ ಸೊಂಟದಲ್ಲಿದ್ದವರು ಆ ಗುಟ್ಟಿನಲ್ಲಿ ಪಾಲುದಾರರಾಗಬಾರದಿತ್ತು. ಇದನ್ನು ನಾನು ಕಂಡುಹಿಡಿದದ್ದಲ್ಲ, ಅಕ್ಕ ತಾವಾಗಿಯೇ ಆಮೇಲೆ ಹೇಳಿದ್ದು.

ಕೊನೆಗೆ ಸುದ್ದಿ ಹೋದದ್ದು ಅದೇ ತಾಲೂಕಿನ ಕೋಣೆಯ ಗೆಳತಿಯ ಮೂಲಕ. ಕೇಡು ಬಯಸಿ ಹೇಳಿದ್ದಲ್ಲ, ತಾಯಿಯ ಜೊತೆ ಮಾತಿಗೆ ಮಾತು ಬಂದು ಹೊರಬಿದ್ದದ್ದು. ಊರು ಮುಟ್ಟುವಷ್ಟರಲ್ಲಿ ‘ಪ್ರಾರ್ಥನೆ ಕೇಳುತ್ತಾಳೆ’ ಎಂಬುದು ‘ಲಿಂಗ ತೆಗೆಸಿದ್ದಾರೆ’ ಎಂದಾಗಿತ್ತು. ಮಾಸ್ತರರು ಮಾಲೀಕರಿಗೆ ಫೋನ್ ಮಾಡಿದರು. ಇನ್ನೂ ಇಬ್ಬರು ಪೋಷಕರು ಮಾಡಿದರು. ಮಾಲೀಕರು ಅಕ್ಕನನ್ನು ಕರೆದು, “ನಿಮ್ಮ ದೇವರು ನಿಮಗೆ, ನನ್ನ ಅಡ್ಡಿಯಿಲ್ಲ. ಬಾಗಿಲು ಹಾಕಿಕೊಂಡು ಮಾಡಿ. ಹಾಸ್ಟೆಲ್ ಖಾಲಿಯಾದರೆ ಸಾಲದ ಕಂತು ನಾನು ಎಲ್ಲಿಂದ ಕಟ್ಟಲಿ?” ಎಂದರು.

ಅಕ್ಕ ನನ್ನ ಬಳಿ ಬಂದದ್ದು ಆ ವಾರ.

ಮೂರು ಸಲಹೆಗಳು

ಮೊದಲನೆಯದು ನನ್ನದು, ಆಗಲೇ ಹೇಳಿದೆ. ಅದಕ್ಕೆ ಆಧಾರವಾಗಿ ವಾಕ್ಯವನ್ನು ಎತ್ತಿದೆನಲ್ಲ, ಆ ವಾಕ್ಯದ ಬಗ್ಗೆ ಒಂದು ಮಾತು. ನಿನ್ನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸು ಹೇಳಿದ್ದು ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಕುರಿತು. ಜನ ನೋಡಿಯಾರು ಎಂದು ಹೆದರುವವರಿಗೆ ಅದನ್ನು ಔಷಧಿಯಾಗಿ ಕೊಟ್ಟವನು ನಾನು. ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದವನು, ಯಾವ ವೋಚರು ಯಾವ ಖಾತೆಗೆ ಹೋಗಬೇಕೆಂದು ಚೆನ್ನಾಗಿ ಗೊತ್ತು. ಆದರೂ ಭಯದ ವೋಚರನ್ನು ವಿವೇಕದ ಖಾತೆಗೆ ಹಾಕಿದೆ.

ಯಾವ ಭಯ? ಅಕ್ಕನ ಕೆಲಸ ಹೋದೀತೆಂದೇ? ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬಂದದ್ದು ಅದಲ್ಲ. ಹಾಲ್‌ನ ಬಾಡಿಗೆ ಕರಾರು ಡಿಸೆಂಬರ್‌ನಲ್ಲಿ ನವೀಕರಣಕ್ಕೆ ಬರುವುದಿತ್ತು. ‘ಮತಾಂತರ’ ಎಂಬ ಪದ ಎಲ್ಲಾದರೂ ನಮ್ಮ ಸಭೆಯ ಹೆಸರಿನ ಪಕ್ಕ ಬಂದರೆ ನಲವತ್ತು ಕುಟುಂಬಗಳು ಎಲ್ಲಿ ಕೂತು ಆರಾಧಿಸಬೇಕು? ಅದು ಸಣ್ಣ ಚಿಂತೆಯೇನಲ್ಲ. ಆದರೆ ಅದನ್ನು ಅಕ್ಕನ ಮುಂದೆ ಬಾಯಿಬಿಟ್ಟು ಹೇಳಬೇಕಾಗಿತ್ತು. ನಾನು ಮತ್ತಾಯನ ಹಿಂದೆ ಅಡಗಿಕೊಂಡೆ.

ಎರಡನೆಯ ಸಲಹೆ ಸಭೆಯ ಯುವಕರದು. ಅವರಿಗೆ ಸುದ್ದಿ ಹೇಗೋ ತಿಳಿದು ಉತ್ಸಾಹ ಬಂದಿತ್ತು. ಬಾಗಿಲು ತೆರೆದರೆ ಸಾಲದು, ಹನ್ನೊಂದು ಕನ್ನಡ ಹುಡುಗಿಯರನ್ನೂ ಕರೆಯಿರಿ, ನಾವು ಗಿಟಾರ್ ತರುತ್ತೇವೆ, ಸಾಕ್ಷಿಯ ವಿಡಿಯೊ ಮಾಡೋಣ, ಇದೇ ಧೈರ್ಯದ ಸಮಯ ಎಂದರು. ಅವರಲ್ಲೊಬ್ಬ ಬಹಳ ಒಳ್ಳೆಯ ಹುಡುಗ, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. “ನಿನ್ನ ಕಚೇರಿಯಲ್ಲಿ ನೀನು ಕ್ರೈಸ್ತನೆಂದು ಎಷ್ಟು ಜನಕ್ಕೆ ಗೊತ್ತು?” ಎಂದು ಅಕ್ಕ ಅವನನ್ನು ಕೇಳಿದರು, ಹಂಗಿಸಿ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಮೂರು” ಎಂದ.

ನಾನೇನು ನಗಲಿಲ್ಲ. ನಮ್ಮ ಮನೆಯ ಬಾಗಿಲ ಮೇಲಿದ್ದ ಶಿಲುಬೆಯ ಸ್ಟಿಕ್ಕರ್ ಅನ್ನು ಸೊಸೈಟಿ ಚುನಾವಣೆಗೆ ನಿಂತ ವರ್ಷ ನಾನು ಬಣ್ಣ ಹೊಡೆಸುವ ನೆಪದಲ್ಲಿ ತೆಗೆಸಿದ್ದೆ. ಮತ್ತೆ ಹಾಕಲು ಮರೆತಿದ್ದೆ, ಮರೆತಿದ್ದೆ ಎಂದು ಇಟ್ಟುಕೊಳ್ಳೋಣ.

ಮೂರನೆಯದು ಸಭಾಪಾಲಕರದು. ಅವರು ಸಲಹೆ ಕೊಡಲಿಲ್ಲ. ದಾನಿಯೇಲನ ಪುಸ್ತಕದ ಆರನೆಯ ಅಧ್ಯಾಯ ತೆರೆದು ಒಂದೇ ವಿಷಯ ತೋರಿಸಿದರು. ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದೆಂದು ರಾಜಾಜ್ಞೆ ಹೊರಟ ಮೇಲೆ ದಾನಿಯೇಲನು ಮನೆಗೆ ಹೋಗಿ ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ ದಿನಕ್ಕೆ ಮೂರು ಸಲ ಪ್ರಾರ್ಥಿಸಿದ, ಮುಂಚೆ ಮಾಡುತ್ತಿದ್ದ ಹಾಗೆಯೇ. “ಆಜ್ಞೆ ಬಂತೆಂದು ಹೊಸ ಕಿಟಕಿ ಕೊರೆಯಲಿಲ್ಲ, ಇದ್ದದ್ದನ್ನು ಮುಚ್ಚಲೂ ಇಲ್ಲ” ಎಂದರು. ಆಮೇಲೆ ಇದೇ ಪುಣೆಯಲ್ಲಿ ಇದೇ ಬಾಗಿಲಿನ ಗಲಾಟೆ ನೂರಿಪ್ಪತ್ತೊಂಬತ್ತು ವರ್ಷದ ಹಿಂದೆ ಆಗಿದೆ, ಗೊತ್ತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

1893ರ ಬಾಗಿಲು

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿ ಪಂಡಿತರ ಸಿಟ್ಟಿಗೆ ಗುರಿಯಾದವರು. ಬರದಲ್ಲಿ ತಂದೆ, ತಾಯಿ, ಅಕ್ಕ ಎಲ್ಲರನ್ನೂ ಕಳೆದುಕೊಂಡ ರಮಾಬಾಯಿ ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಅಲ್ಲಿ ಸಿಕ್ಕವು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಮೇಲ್ಜಾತಿಯ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಸದನದಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ, ಅವರವರ ಆಚಾರ ಅವರವರಿಗೆ ಎಂಬುದು ಕರಾರು. ಆ ಮಾತಿನ ಮೇಲೆ ನಂಬಿಕೆಯಿಟ್ಟು ರಾನಡೆ, ಭಂಡಾರಕರ್ ಅಂಥ ಹಿಂದೂ ಸುಧಾರಕರು ಸಲಹಾ ಸಮಿತಿಯಲ್ಲಿ ಕೂತಿದ್ದರು.

ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳು ಮನೋರಮೆಯ ಜೊತೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಸುದ್ದಿ ಹೊರಗೆ ಹೋಯಿತು, ತಿಲಕರ ‘ಕೇಸರಿ’ ಪತ್ರಿಕೆ ಮೊದಲಿನಿಂದಲೂ ಇಟ್ಟಿದ್ದ ಸಂಶಯವನ್ನು ಗಟ್ಟಿಮಾಡಿ ಬರೆಯಿತು. ಬಾಗಿಲು ಹಾಕಲು, ಬಂದವರನ್ನು ಹೊರಗೆ ಕಳಿಸಲು ರಮಾಬಾಯಿ ಒಪ್ಪಲಿಲ್ಲ. ಬೇರೆಯವರಿಗೆ ತಮ್ಮ ಪೂಜೆಗೆ ಇರುವ ಸ್ವಾತಂತ್ರ್ಯ ತಮ್ಮ ಕೋಣೆಯಲ್ಲಿ ತಮಗೂ ಇದೆ ಎಂಬುದು ಅವರ ನಿಲುವು. 1893ರಲ್ಲಿ ರಾನಡೆ, ಭಂಡಾರಕರ್ ರಾಜೀನಾಮೆ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ವಾಪಸು ಕರೆದೊಯ್ದರು.

ನಮ್ಮ ಪ್ರಸಂಗಗಳಲ್ಲಿ ಈ ಕಥೆ ಬಂದರೆ ಇಲ್ಲಿಗೆ ಚಪ್ಪಾಳೆ. ಮುಂದಿನದನ್ನೂ ಹೇಳಬೇಕು. ಆಮೇಲಿನ ವರ್ಷಗಳಲ್ಲಿ ಸದನದ ಕೆಲವು ಹುಡುಗಿಯರು ದೀಕ್ಷಾಸ್ನಾನ ಪಡೆದದ್ದು ನಿಜ, ಅಂದರೆ ಪೋಷಕರ ಆತಂಕ ಬರಿಯ ಕಲ್ಪನೆಯಾಗಿರಲಿಲ್ಲ. ಹೋಗಲು ಬೇರೆ ಜಾಗವೇ ಇಲ್ಲದ ವಿಧವೆ ಹುಡುಗಿಗೆ ಅನ್ನ, ಅಕ್ಷರ, ಸೂರು ಕೊಟ್ಟವರ ದೇವರ ಮೇಲೆ ಪ್ರೀತಿ ಬಂದರೆ ಅದರಲ್ಲಿ ದೇವರ ಪಾಲೆಷ್ಟು, ಸೂರಿನ ಪಾಲೆಷ್ಟು? ರಮಾಬಾಯಿಯ ಧೈರ್ಯದ ಬಗ್ಗೆ ನನಗೆ ಸಂಶಯವಿಲ್ಲ. ರಾನಡೆಯವರನ್ನು ಹೇಡಿ ಎನ್ನಲೂ ನಾನು ಸಿದ್ಧನಿಲ್ಲ. ಅಲ್ಲೂ ಒಂದು ಕೀಲಿಕೈ ಇತ್ತು.

ಪುಣೆಯಲ್ಲಿ ಇಷ್ಟು ವರ್ಷ ಇದ್ದರೂ ದೌಂಡ್ ಕಡೆಯ ರೈಲು ಹತ್ತಿ ಕೇಡಗಾಂವ್‌ನ ಮುಕ್ತಿ ಮಿಷನ್ ನೋಡಿದ್ದು ನಾನು ಈ ಪ್ರಕರಣದ ನಂತರವೇ. 1896ರ ಬರದಲ್ಲಿ ರಮಾಬಾಯಿ ಮಧ್ಯ ಪ್ರಾಂತ್ಯದಿಂದ ನೂರಾರು ಹುಡುಗಿಯರನ್ನು ಕರೆತಂದು ನೆಲೆ ಕೊಟ್ಟ ಜಾಗ ಅದು. ಮರಾಠಿ ಬೈಬಲ್ ಅನುವಾದ ಮುಗಿಸಿ 1922ರ ಏಪ್ರಿಲ್‌ನಲ್ಲಿ ರಮಾಬಾಯಿ ಕಣ್ಣು ಮುಚ್ಚಿದ್ದೂ ಅಲ್ಲೇ.

ಕಾನೂನು, ಸ್ವಲ್ಪ

ಮಾಸ್ತರರು ಫೋನಿನಲ್ಲಿ, “ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಿದೆ” ಎಂದಿದ್ದರು. ಬಂದಿತ್ತು, ಹೌದು. ಆ ವರ್ಷ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಒಪ್ಪಿಗೆ ಪಡೆದ ಕರ್ನಾಟಕದ ಕಾಯ್ದೆಯ ಪ್ರಕಾರ ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕಾಗಿತ್ತು. ಮಹಿಳೆಯೊಬ್ಬಳನ್ನು ಬಲವಂತದಿಂದಲೋ ಆಮಿಷದಿಂದಲೋ ಮತಾಂತರಿಸಿದರೆ 10 ವರ್ಷದವರೆಗೆ ಜೈಲು. ಪುಣೆಗೆ ಅದು ಅನ್ವಯಿಸುತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ ಆಗ ಅಂಥ ಕಾಯ್ದೆಯೇ ಇರಲಿಲ್ಲ. ಆದರೆ ಕಾಯ್ದೆ ನಿಪ್ಪಾಣಿಯಲ್ಲಿ ನಿಲ್ಲುತ್ತದೆ, ಭಯ ರಾತ್ರಿ ಬಸ್ಸಿನಲ್ಲಿ ಕೂತು ಸ್ವಾರಗೇಟ್‌ವರೆಗೂ ಬರುತ್ತದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಕೊಟ್ಟಿದೆ. ಪ್ರಸಾರ ಮಾಡುವ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಸಭೆಯಲ್ಲಿ ಮೊದಲನೆಯದು ಎಲ್ಲರಿಗೂ ಬಾಯಿಪಾಠ, ಎರಡನೆಯದನ್ನು ಕೇಳಿದವರು ಕಡಿಮೆ.

ಅಕ್ಕ ಮಾಡಿದ್ದು

ಮೂವರ ಸಲಹೆಯನ್ನೂ ಕೇಳಿಕೊಂಡು ಅಕ್ಕ ನಾಲ್ಕನೆಯದನ್ನು ಮಾಡಿದರು.

ಮೊದಲು ಮಾಲೀಕರ ಹೆಂಡತಿಯ ಬಳಿ ಹೋಗಿ ಗೇಟಿನ ಒಂದು ಕೀಲಿಕೈಯನ್ನೂ ಆ ಹುಡುಗಿಯ ರಜೆ ಚೀಟಿಯನ್ನೂ ಅವರಿಗೆ ಒಪ್ಪಿಸಿದರು. “ಕಾಕೂ, ಈ ಹುಡುಗಿ ಯಾವಾಗ ಬಂದಳು, ಯಾವಾಗ ಹೋದಳು ಎಲ್ಲ ನೀವೇ ನೋಡಿಕೊಳ್ಳಿ. ಇವಳ ಮೇಲೆ ನನ್ನ ಕೈ ಬೇಡ.” ಕೆಲಸದ ಅರ್ಧ ಅಧಿಕಾರವನ್ನು ತಾವೇ ಬಿಟ್ಟುಕೊಡುವುದನ್ನು ನಾನು ಕಚೇರಿಯಲ್ಲಿ ಒಬ್ಬರೂ ಮಾಡಿದ್ದು ನೋಡಿಲ್ಲ.

ಆಮೇಲೆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಮಾಸ್ತರರಿಗೆ ಫೋನ್ ಮಾಡಿದರು. “ನಿಮ್ಮ ಮಗಳು ಬೆಳಿಗ್ಗೆ ಐದೂವರೆಗೆ ನನ್ನ ಕೋಣೆಯಲ್ಲಿ ಪ್ರಾರ್ಥನೆಗೆ ಕೂರುತ್ತಾಳೆ. ಪುಸ್ತಕ ಕೊಟ್ಟಿದ್ದೇನೆ. ಲಿಂಗ ಅವಳ ಕೊರಳಲ್ಲೇ ಇದೆ. ನಿಮಗೆ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ನೀವು ಬಂದು ನೋಡಿ.”

ಬಾಗಿಲು ತೆರೆದೇ ಇತ್ತು.

ಮಾಸ್ತರರು ಗುರುವಾರ ರಾತ್ರಿಯ ಬಸ್ಸು ಹತ್ತಿ ಶುಕ್ರವಾರ ಬೆಳಗಿನ ಜಾವ ಇಳಿದು, ರಿಕ್ಷಾ ಹಿಡಿದು ನೇರವಾಗಿ ಹಾಸ್ಟೆಲ್‌ಗೆ ಬಂದರು. ಬೇಕೆಂದೇ ಆ ಹೊತ್ತಿಗೆ. ನನಗೂ ಬರಲು ಅಕ್ಕ ಹೇಳಿದ್ದರು. ಬಂದೆ, ಸ್ಕೂಟರ್ ನಿಲ್ಲಿಸಿದೆ, ಮಾಲೀಕರು ಚಹಾ ಕುಡಿಯಿರಿ ಎಂದರು, ಕೆಳಗೇ ಕೂತೆ. ಮೇಲೆ ಹತ್ತಲಿಲ್ಲ. ಮುಂದಿನದನ್ನು ಮೂವರೂ ಬೇರೆ ಬೇರೆಯಾಗಿ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ಅವರು ಮಗಳು ಕೂರುತ್ತಿದ್ದ ಮೆಟ್ಟಿಲ ಮೇಲೆ ಚೀಲ ಇಟ್ಟು ನಿಂತರು. ಅಕ್ಕ ಅವರನ್ನು ನೋಡಿದರು, ಹಾಡನ್ನು ನಿಲ್ಲಿಸಲಿಲ್ಲ. ಪ್ರಾರ್ಥನೆಯಲ್ಲಿ ಎಂದಿನಂತೆ ಅಡುಗೆಯವಳ ಮಗನ ಜ್ವರ, ಮಾಲೀಕರ ಮಂಡಿ ನೋವು, ಹುಡುಗಿಯ ಮನೆಯ ದ್ರಾಕ್ಷಿ ತೋಟ ಎಲ್ಲವೂ ಬಂದವು. ಆಮೆನ್ ಆದೊಡನೆ ಮಾಸ್ತರರ ಮೊದಲ ಮಾತು, “ನನ್ನ ತೋಟದ ವಿಷಯವನ್ನು ನಿಮ್ಮ ದೇವರಿಗೆ ಹೇಳಲು ನಿಮಗೆ ಅಧಿಕಾರ ಕೊಟ್ಟವರು ಯಾರು?”

ಅಕ್ಕನ ಬಳಿ ಉತ್ತರವಿರಲಿಲ್ಲ. “ಯಾರೂ ಕೊಟ್ಟಿಲ್ಲ, ಮಾಸ್ತರೇ” ಎಂದರು.

ಹಣ ಕೊಟ್ಟಿರಾ, ಕೆಲಸ ಕೊಡಿಸುತ್ತೇವೆ ಎಂದಿರಾ, ಮದುವೆಯ ಮಾತು ಆಡಿದಿರಾ ಎಂದು ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ, ಇಲ್ಲ. ಆಮೇಲೆ ಕೇಳಿದ್ದು ಇದು: “ನಿಮ್ಮ ಮಗ ದಿನವೂ ನಮ್ಮ ಮನೆಗೆ ಬಂದು ಲಿಂಗಪೂಜೆಗೆ ಕೂತಿದ್ದರೆ, ನಿಮಗೆ ಹೇಳದೆ ಕೂತಿದ್ದರೆ, ನೀವು ಸುಮ್ಮನಿರುತ್ತಿದ್ದಿರಾ?”

“ಇರುತ್ತಿರಲಿಲ್ಲ” ಎಂದರು ಅಕ್ಕ. “ಬಸ್ಸು ಹತ್ತಿ ಬರುತ್ತಿದ್ದೆ. ನಿಮ್ಮ ಹಾಗೆಯೇ.”

“ಹಾಗಾದರೆ ನಿಮಗೆ ಬೇಕಾಗಿರುವುದೇನು?”

ಈ ಪ್ರಶ್ನೆ ಬಂದಾಗ ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. ನನಗೇನೂ ಬೇಡ, ಅವಳೇ ಬಂದಳು, ನಾವು ಯಾರಿಗೂ ಏನೂ ಹೇಳುವವರಲ್ಲ, ಎಲ್ಲ ದೇವರೂ ಒಂದೇ ಎನ್ನುತ್ತಿದ್ದೆ. ಅರ್ಧ ಸತ್ಯ, ಅರ್ಧ ಬಚಾವು. ಅಕ್ಕ ಹೇಳಿದ್ದು: “ಅವಳು ಯೇಸುವನ್ನು ನಂಬಿದರೆ ನನಗೆ ಸಂತೋಷವಾಗುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಂಬದಿದ್ದರೂ ಅವಳು ನನಗೆ ಈಗಿನಷ್ಟೇ ಬೇಕಾದವಳು. ಅವಳನ್ನು ನಾನು ಹಿಡಿದಿಟ್ಟುಕೊಂಡಿಲ್ಲ. ಕೀಲಿಕೈ ಕೆಳಗಿನ ಮನೆಯಲ್ಲಿದೆ.”

ನಮ್ಮ ಸಭೆಯಲ್ಲಿ ಧೈರ್ಯದ ಬಗ್ಗೆ ಪ್ರಸಂಗವೆಂದರೆ ಸಿಂಹದ ಗವಿ, ರೋಮಿನ ಅಖಾಡ, ತಪ್ಪಿದರೆ 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು. ಸುವಾರ್ತೆ ಸಾರುವ ಧೈರ್ಯ ಎಂದರೆ ಕೇಳಲು ಬಂದವರಿಗೆ ಹೇಳುವ ಧೈರ್ಯ ಎಂದೇ ನಾನೂ ತಿಳಿದಿದ್ದೆ. ಕೇಳಲು ಬಂದ ಹುಡುಗಿಗೆ ಹೇಳುವುದು ಅಕ್ಕನಿಗೆ ಸುಲಭವಾಗಿತ್ತು. ಆ ಮಾತನ್ನೇ, ಒಂದಕ್ಷರ ಕಡಿಮೆ ಮಾಡದೆ, ಕೇಳಲು ಇಷ್ಟವಿಲ್ಲದ ಅಪ್ಪನಿಗೆ ಹೇಳುವುದಿತ್ತಲ್ಲ, ಅದಕ್ಕೆ ಬೇಕಾದದ್ದು ಬೇರೆಯೇ ಗಟ್ಟಿತನ. ನಿಕೊದೇಮನು ಯೇಸುವಿನ ಬಳಿಗೆ ರಾತ್ರಿಯಲ್ಲಿ ಬಂದದ್ದನ್ನು ನಾವು ಮೆಚ್ಚುತ್ತೇವೆ. ಬಂದವನನ್ನು ಹಗಲಿಗೆ ಕರೆದೊಯ್ಯುವುದು ಯಾರ ಜವಾಬ್ದಾರಿ ಎಂದು ಕೇಳುವುದಿಲ್ಲ.

ಮಾಸ್ತರರು ಮಗಳ ಕಡೆ ತಿರುಗಿ, “ನೀನು ಏನನ್ನುತ್ತೀಯಾ?” ಎಂದರು. ಹುಡುಗಿ ಅಳುತ್ತಿದ್ದಳು. ದೀಪಾವಳಿಗೆ ಹೇಳಬೇಕೆಂದಿದ್ದೆ ಅಪ್ಪಾ, ಹೆದರಿಕೆಯಾಯಿತು ಎಂದಳು. “ನನ್ನ ಹೆದರಿಕೆಯೇ? ನಾನು ನಿನ್ನನ್ನು ಯಾವತ್ತಾದರೂ ಹೊಡೆದಿದ್ದೇನೆಯೇ?” ಎಂದು ಅವರು ಕೇಳಿದ್ದು ಕೆಳಗೆ ಕೂತಿದ್ದ ನನಗೂ ಕೇಳಿಸಿತು. ಆ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು.

ಬೆಲೆ

ಹುಡುಗಿ ಆ ಭಾನುವಾರವೇ ಚಿಂಚವಡದ ಚಿಕ್ಕಪ್ಪನ ಮಗಳ ಮನೆಗೆ ಹೋದಳು. ಕೆಲಸ ಬಿಡಲಿಲ್ಲ. ಹೊಸ ಒಡಂಬಡಿಕೆಯನ್ನು ಮಾಸ್ತರರು, “ಇದು ಸದ್ಯಕ್ಕೆ ನನ್ನ ಹತ್ತಿರ ಇರಲಿ” ಎಂದು ಚೀಲಕ್ಕೆ ಹಾಕಿಕೊಂಡು ಹೋದರು. ಓದಿದರೇ ಎಂದು ನಮ್ಮ ಕೂಟದಲ್ಲಿ ಪ್ರತಿ ಸಲ ಯಾರಾದರೂ ಆಸೆಯಿಂದ ಕೇಳುತ್ತಾರೆ. ಇಲ್ಲ. ಅಟ್ಟದ ಮೇಲೆ ಇಟ್ಟಿದ್ದೇನೆ ಎಂದು ಅವರೇ ಹೇಳಿದರು. ಹುಡುಗಿಗೆ ದೀಕ್ಷಾಸ್ನಾನ ಆಗಿಲ್ಲ, ಲಿಂಗ ಕೊರಳಲ್ಲಿದೆ. ಮೊಬೈಲಿನಲ್ಲಿ ಓದುತ್ತಾಳೆ, ಓದುತ್ತೇನೆಂದು ಅಪ್ಪನಿಗೆ ಹೇಳಿದ್ದಾಳೆ. ತಿಂಗಳಿಗೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಾಳೆ.

ಇನ್ನಿಬ್ಬರು ಹುಡುಗಿಯರನ್ನು ಮನೆಯವರು ಡಿಸೆಂಬರ್‌ನಲ್ಲಿ ಕರೆದೊಯ್ದರು. ಮಾಲೀಕರು ಅಕ್ಕನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಮಾರ್ಚ್ ಕೊನೆಯಲ್ಲಿ, ಗೇಟಿಗೆ ಸಿಸಿಟಿವಿಯೂ ಬೆರಳಚ್ಚಿನ ಯಂತ್ರವೂ ಬರುತ್ತಿದೆ, ಮೇ ತಿಂಗಳಿನಿಂದ ರೆಕ್ಟರ್ ಬೇಕಾಗುವುದಿಲ್ಲ ಎಂದರು. ತಿಂಗಳಿಗೆ 14,000 ಸಂಬಳ, ಊಟ, ಕೋಣೆ ಹೋಯಿತು. ನಮ್ಮ ಹಾಲ್‌ನ ಕರಾರು ಡಿಸೆಂಬರ್‌ನಲ್ಲಿ ಯಾವ ತಕರಾರೂ ಇಲ್ಲದೆ ನವೀಕರಣವಾಯಿತು. ಹಾಲ್‌ನವರು ನಮ್ಮ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಸಭೆ ಅಕ್ಕನಿಗೆ ಮೂರು ತಿಂಗಳ ಖರ್ಚು ಕೊಡಲು ತೀರ್ಮಾನಿಸಿತು. ಅವರು ಒಂದು ತಿಂಗಳದ್ದನ್ನು ತೆಗೆದುಕೊಂಡರು. ಕೋಥರೂಡಿನಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಅಷ್ಟರಲ್ಲಿ ಸಿಕ್ಕಿತ್ತು.

ಏಪ್ರಿಲ್ ಕೊನೆಯ ಶನಿವಾರ ಮಧ್ಯಾಹ್ನ ಸಾಮಾನು ಸಾಗಿಸಲು ಟೆಂಪೊ ಮಾತಾಡಿ ನಾನೂ ಹೋದೆ. ಆ ಮೆಟ್ಟಿಲನ್ನು ನಾನು ಹತ್ತಿದ್ದು ಅದೇ ಮೊದಲು. ಎಂಟಡಿಗೆ ಹತ್ತಡಿಯ ಕೋಣೆ. ಒಂದೇ ಕಿಟಕಿ, ಅದನ್ನು ತೆರೆದರೆ ಒಂದು ಮೊಳದ ಆಚೆ ಪಕ್ಕದ ಕಟ್ಟಡದ ಗೋಡೆ. ಗಾಳಿಯೆಂಬುದು ಬರುವುದಿದ್ದರೆ ಮೆಟ್ಟಿಲ ಕಡೆಯಿಂದಲೇ ಬರಬೇಕು. ಟ್ರಂಕಿಗೆ ಹಗ್ಗ ಕಟ್ಟುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಇಲ್ಲಿ ಬಾಗಿಲು ಹಾಕಿಕೊಂಡು ಕೂರಲು ಸಾಧ್ಯವೇ ಇಲ್ಲವಲ್ಲ” ಎಂದೆ.

ಅಕ್ಕ ನಕ್ಕರು. “ಮೊದಲು ಸೆಕೆಗೆ ತೆರೆದದ್ದೇ, ಕಾಕಾ. ಹಾಕಿ ಎಂದ ಮೇಲೆ ಹಾಕಲು ಮನಸ್ಸಾಗಲಿಲ್ಲ.”

ಟೆಂಪೊದವನು ಕೆಳಗಿನಿಂದ ಹಾರ್ನ್ ಹೊಡೆಯುತ್ತಿದ್ದ. ನಾನು ಮುಖ ಒರೆಸಿಕೊಂಡು ಟ್ರಂಕಿನ ಒಂದು ಹಿಡಿಯನ್ನು ಹಿಡಿದೆ.